ಮಧ್ಯಾಹ್ನ ಬಾಡುವ ಗ್ರೀನ್, ನೀರು ಹಾಕಿದರೂ ಏಳುತ್ತಿಲ್ಲ: ಎಲ್ಲಿಂದ ಹುಡುಕುವುದು?

ಜುಲೈ ತಿಂಗಳು. ಅಮೆರಿಕದ ಒಹಾಯೋ ರಾಜ್ಯದ ಒಂದು ಹಳೆಯ ಕಂಟ್ರಿ ಕ್ಲಬ್ಬಿನ ಗಾಲ್ಫ್ ಕೋರ್ಸ್. ನಾನು ಅಲ್ಲಿ ನೀರಾವರಿ ನೋಡಿಕೊಳ್ಳುವವನು. ಗ್ರೀನ್ ಅಂದರೆ ಚೆಂಡು ಬೀಳಿಸುವ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ. 7ನೇ ಗ್ರೀನ್‌ನ ಹಿಂಬದಿಯ ಎಡ ಮೂಲೆ ದಿನಾ ಮಧ್ಯಾಹ್ನ ಎರಡು ಗಂಟೆಗೆ ಬಣ್ಣ ಬದಲಿಸುತ್ತಿತ್ತು. ಬೆಳಿಗ್ಗೆ ನೋಡಿದರೆ ಹಸಿರು. ಊಟದ ಹೊತ್ತಿಗೆ ನೀಲಿ ಬೆರೆತ ಬೂದಿ. ಸಂಜೆಗೆ ಒಣಹುಲ್ಲು. ಮೊದಲ ದಿನ ಒಂದು ಚಾಪೆಯಷ್ಟಿದ್ದ ಜಾಗ ನಾಲ್ಕನೇ ದಿನಕ್ಕೆ ನಾಲ್ಕು ಚಾಪೆಯಷ್ಟಾಯಿತು. ಹುಡುಗರು ಪೈಪು ಹಿಡಿದು ದಿನಾ ನೀರು ಹಾಕುತ್ತಿದ್ದರು. ಏಳಲೇ ಇಲ್ಲ.

ಶುಕ್ರವಾರ ಟೂರ್ನಿ ಬೇರೆ. ಸದಸ್ಯರು ಬೇರೆ ಬೇರೆ ಊರುಗಳಿಂದ ಗೆಳೆಯರನ್ನು ಕರೆಸಿ ಆಡುವ ಮೂರು ದಿನ. ಕ್ಲಬ್ಬಿನ ಪಾಲಿಗೆ ಅದೇ ಜಾತ್ರೆ. ನಮ್ಮ ಸೂಪರಿಂಟೆಂಡೆಂಟ್ ಸೋಮವಾರವೇ ಫಂಗಿಸೈಡ್ (ಶಿಲೀಂಧ್ರ ಕೊಲ್ಲುವ ಔಷಧಿ) ಟ್ಯಾಂಕ್ ತುಂಬಿಸಲು ಹೇಳಿದ್ದರು. ನಾಳೆ ಮಧ್ಯಾಹ್ನದ ತನಕ ಬಿಡಿ, ಆಮೇಲೆ ಬೇಕಾದರೆ ಹೊಡೆಯೋಣ ಅಂದೆ. ಒಪ್ಪಿದರು, ಮುಖ ಮಾತ್ರ ಗಂಟು ಹಾಕಿಕೊಂಡೇ.

ಆ ಒಂದು ದಿನದಲ್ಲಿ ಏನೇನು ನೋಡಿದೆವು, ಯಾವುದನ್ನು ಯಾಕೆ ಬಿಟ್ಟೆವು ಅನ್ನುವುದು ಈ ಬರಹ. ಗಾಲ್ಫ್ ಕೋರ್ಸಿನಲ್ಲಿ ಕೆಲಸ ಮಾಡುವ ಕನ್ನಡದವರು ತೀರಾ ಕಡಿಮೆ ಅಂತ ಗೊತ್ತು. ಆದರೆ ಅಮೆರಿಕದ ಮನೆ ಮುಂದೆ ಹುಲ್ಲು ಬೆಳೆಸಿ ಒದ್ದಾಡುವವರು ಬೇಕಾದಷ್ಟು ಜನ ಇದ್ದಾರಲ್ಲ, ಅವರಿಗೂ ಅರ್ಧ ಪಾಲು ಉಪಯೋಗಕ್ಕೆ ಬರುತ್ತದೆ.

ಹುಲ್ಲು ಯಾವುದು ಅನ್ನುವುದು ಮೊದಲು

ಗಣಪತಿಗೆ ಏರಿಸುವ ಗರಿಕೆ ಇದೆಯಲ್ಲ, ಬರ್ಮುಡಾ ಹುಲ್ಲು ಅಂದರೆ ಅದೇ ಜಾತಿ. ಬಿಸಿಲಿಗೆ ಹೆದರುವುದಿಲ್ಲ, ತುಳಿದರೆ ಸಾಯುವುದಿಲ್ಲ, ಒಂದು ಮಳೆ ಬಿದ್ದರೆ ಚಿಗುರುತ್ತದೆ. ನಮ್ಮ ಕಡೆಯವರ ತಲೆಯಲ್ಲಿ ಹುಲ್ಲು ಅಂದರೆ ಈ ಗುಣವೇ. ಒಹಾಯೋ, ಇಲಿನಾಯ್, ಮಿಷಿಗನ್ ಕಡೆಯ ಗ್ರೀನ್‌ಗಳಲ್ಲಿ ಇರುವುದು ಅದಲ್ಲ. ಇಲ್ಲಿರುವುದು ಕ್ರೀಪಿಂಗ್ ಬೆಂಟ್‌ಗ್ರಾಸ್, ಅದರ ನಡುವೆ ಯಾರೂ ಕರೆಯದೆ ಬಂದು ಕೂತ ಪೋವಾ ಅನ್ಯುವಾ ಅನ್ನುವ ಕಳೆ ಹುಲ್ಲು. ಹಳೆಯ ಕ್ಲಬ್ಬುಗಳಲ್ಲಿ ಪೋವಾನೇ ಅರ್ಧಕ್ಕಿಂತ ಜಾಸ್ತಿ ಇರುವುದೂ ಉಂಟು. ಎರಡೂ ಚಳಿ ನಾಡಿನ ಹುಲ್ಲು. 60ರಿಂದ 75 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಖುಷಿಯಾಗಿ ಬೆಳೆಯುತ್ತವೆ. ಜುಲೈನಲ್ಲಿ 90 ಫ್ಯಾರನ್‌ಹೀಟ್ ದಾಟಿದಾಗ ಅವು ಬೆಳೆಯುವುದಿಲ್ಲ, ಬದುಕಿಕೊಂಡಿರುತ್ತವೆ ಅಷ್ಟೇ. ಮೇ ತಿಂಗಳಲ್ಲಿ ಐದಾರು ಇಂಚು ಇಳಿದಿದ್ದ ಬೇರು ಜುಲೈ ಕೊನೆಗೆ ಎರಡು ಇಂಚಿಗೆ ಬಂದು ನಿಂತಿರುತ್ತದೆ.

ಅದರ ಮೇಲೆ ನಾವು ಮಾಡುವ ಹಿಂಸೆ. ಇಂಚಿನ ಎಂಟನೇ ಒಂದು ಭಾಗಕ್ಕೆ, ಅಂದರೆ ಸುಮಾರು 3 ಮಿಲಿಮೀಟರಿಗೆ ದಿನಾ ಕತ್ತರಿಸುತ್ತೇವೆ. ಒಂದು ರೂಪಾಯಿಯ ನಾಣ್ಯ ಎರಡನ್ನು ಒಂದರ ಮೇಲೊಂದು ಇಟ್ಟರೆ ಎಷ್ಟು ದಪ್ಪವೋ ಹೆಚ್ಚುಕಮ್ಮಿ ಅಷ್ಟೇ ಎತ್ತರದ ಹುಲ್ಲು. ಹೀಗಿರುವಾಗ ಯಾವ ತೊಂದರೆ ಬಂದರೂ ಹುಲ್ಲು ತೋರಿಸುವ ಮುಖ ಒಂದೇ, ಬಾಡುವುದು. ನೀರು ಕಡಿಮೆಯಾದರೂ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ, ಬೇರನ್ನು ಹುಳ ತಿಂದರೂ ಬಾಡುತ್ತದೆ. ಮೇಲಿಂದ ನೋಡಿ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಫೋನಿನಲ್ಲಿ ಫೋಟೋ ಕಳಿಸಿ "ಇದೇನು ರೋಗ?" ಅಂತ ಕೇಳುವವರಿಗೂ ಉತ್ತರ ಕೊಡುವುದಿಲ್ಲ.

ಆಕಾರ ನೋಡಿ, ಹತ್ತು ಹೆಜ್ಜೆ ದೂರದಿಂದ

ಗ್ರೀನ್ ಮೇಲೆ ಕಾಲಿಡುವ ಮೊದಲು ಪಕ್ಕದ ದಿಬ್ಬದ ಮೇಲೆ ನಿಂತು ಕಲೆಯ ಅಂಚನ್ನು ನೋಡಬೇಕು. ಅಂಚು ನೇರ ಗೆರೆಯಾಗಿದ್ದರೆ ಅದು ಮನುಷ್ಯನ ಕೆಲಸ. ಪ್ರಕೃತಿ ಸ್ಕೇಲ್ ಹಿಡಿದು ಗೆರೆ ಎಳೆಯುವುದಿಲ್ಲ. ಒಂದೇ ಅಗಲದ ಕಂದು ಪಟ್ಟಿ, ತಿರುವಿನಲ್ಲಿ ಮೊವರ್ (ಹುಲ್ಲು ಕತ್ತರಿಸುವ ಯಂತ್ರ) ತಿರುಗಿದ ಹಾಗೇ ತಿರುಗಿದ್ದರೆ ಮೊವರ್‌ನ ಹೈಡ್ರಾಲಿಕ್ ಎಣ್ಣೆ ಸೋರಿದೆ. ಬಿಸಿ ಎಣ್ಣೆ ಹುಲ್ಲನ್ನು ಸುಟ್ಟುಬಿಡುತ್ತದೆ. ಮರುದಿನ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಮೊವರ್ ಓಡಿಸಿದವನ ಕಣ್ಣಿಗೆ ಬಿಟ್ಟು. ಪಟ್ಟಿ ಪಟ್ಟಿಯಾಗಿ ಒಂದು ಹಸಿರು, ಒಂದು ಹಳದಿ ಇದ್ದರೆ ಗೊಬ್ಬರ ಹಾಕುವಾಗ ಸಾಲು ತಪ್ಪಿದೆ, ಇಲ್ಲವೇ ಸ್ಪ್ರೇಯರ್‌ನ ಒಂದು ನಾಝಲ್ ಕಟ್ಟಿಕೊಂಡಿದೆ.

ನಾಣ್ಯದಷ್ಟು ಗುಂಡಗಿನ ಚುಕ್ಕೆಗಳು ಚದುರಿದ್ದರೆ ಡಾಲರ್ ಸ್ಪಾಟ್ ಅನ್ನುವ ಶಿಲೀಂಧ್ರ ರೋಗದ ಕಡೆ ಯೋಚಿಸಿ. ಹಿಂದಿನ ಬೆಳ್ಳಿ ಡಾಲರ್ ನಾಣ್ಯದಿಂದಲೇ ಅದಕ್ಕೆ ಆ ಹೆಸರು. ದೊಡ್ಡ ಬಳೆಯ ಹಾಗೆ, ಅಂಚಿನಲ್ಲಿ ಹೊಗೆ ಬಣ್ಣ ಇದ್ದರೆ ಬ್ರೌನ್ ಪ್ಯಾಚ್ ಅನ್ನುವ ಇನ್ನೊಂದು ರೋಗ. ಮಳೆ ನೀರು ಹರಿದ ದಾರಿಯನ್ನೇ ಹಿಡಿದು, ಎಣ್ಣೆ ಮೆತ್ತಿದ ಹಾಗೆ ಜಿಡ್ಡಾಗಿ ಮಲಗಿದ್ದರೆ ಪಿಥಿಯಮ್ ರೋಗ. ರಾತ್ರಿಯೂ 70 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯದೆ ಬೆವರುವ ದಿನಗಳಲ್ಲಿ ಇದು ಬರುತ್ತದೆ. ಇದೊಂದಕ್ಕೆ ಮಾತ್ರ ನಾನು ಕಾಯುವುದಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಗ್ರೀನ್ ನುಂಗಬಲ್ಲದು.

ನಮ್ಮ 7ನೇ ಗ್ರೀನ್‌ನ ಕಲೆ ಇದ್ಯಾವುದೂ ಅಲ್ಲ. ಅಂಚು ಹರಿದ ಬಟ್ಟೆಯ ಹಾಗೆ ಅಂಕುಡೊಂಕು. ಆದರೆ ಒಟ್ಟಾರೆ ನೋಡಿದರೆ ಅರ್ಧಚಂದ್ರ. ಚಂದ್ರನ ಹೊಟ್ಟೆ ಗ್ರೀನ್ ಒಳಗೆ, ಎರಡು ಕೊಂಬು ಅಂಚಿನ ಕಡೆಗೆ. ಆ ಕೊಂಬುಗಳ ನಡುವೆ, ಗ್ರೀನ್‌ನಿಂದ ಆಚೆ, ಒಂದು ಸ್ಪ್ರಿಂಕ್ಲರ್. ಸೋಮವಾರ ಮಧ್ಯಾಹ್ನವೇ ಅದು ನನ್ನ ಕಣ್ಣಿಗೆ ಬಿತ್ತು. ಆದರೂ ಅಲ್ಲಿಗೇ ಓಡಲಿಲ್ಲ. ಮೊದಲ ಅನುಮಾನವೇ ನಿಜ ಅಂದುಕೊಂಡು ಗುಂಡಿ ತೋಡಿ ಕೈ ಸುಟ್ಟುಕೊಂಡ ಅನುಭವ ಇದೆ.

ಹೆಜ್ಜೆ ಗುರುತಿನ ಪರೀಕ್ಷೆ ಅಲ್ಲೇ ಮಾಡಿ ಮುಗಿಸಿದೆ. ಬೂದಿ ಬಣ್ಣದ ಜಾಗದಲ್ಲಿ ನಡೆದು ಹಿಂತಿರುಗಿ ನೋಡುವುದು. ಒಳ್ಳೆಯ ಹುಲ್ಲು ಕಾಲು ತೆಗೆದ ತಕ್ಷಣ ಎದ್ದು ನಿಲ್ಲುತ್ತದೆ. ಇಲ್ಲಿ ನನ್ನ ಬೂಟಿನ ಗುರುತು ಹತ್ತು ನಿಮಿಷ ಕಳೆದರೂ ಹಾಗೇ ಇತ್ತು. ಎಲೆಯಲ್ಲಿ ನೀರಿಲ್ಲ ಅಂತ ಅರ್ಥ. ಮಣ್ಣಿನಲ್ಲಿ ನೀರಿಲ್ಲ ಅಂತ ಅಲ್ಲ. ಈ ಎರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಗ್ರೀನ್‌ಗಳು ಹಾಳಾಗುವುದು.

ಇಬ್ಬನಿ ಆರುವ ಮೊದಲು

ಮಂಗಳವಾರ ಬೆಳಿಗ್ಗೆ ಐದೂವರೆ. ಶಿಲೀಂಧ್ರ ಹುಡುಕುವುದಾದರೆ ಇದೇ ಹೊತ್ತು. ಮೊವರ್ ಓಡಿದ ಮೇಲೆ, ಬಿಸಿಲು ಬಿದ್ದ ಮೇಲೆ ಏನೂ ಸಿಗುವುದಿಲ್ಲ. ಮಂಡಿಯೂರಿ, ಮುಖವನ್ನು ಹುಲ್ಲಿನ ಮಟ್ಟಕ್ಕೆ ತಂದು ನೋಡಿದರೆ ಡಾಲರ್ ಸ್ಪಾಟ್ ಇರುವಲ್ಲಿ ಬಿಳಿ ಅರಳೆಯಂಥ ಎಳೆಗಳು ಕಾಣುತ್ತವೆ. ಜೇಡರ ಬಲೆಯನ್ನು ಅದೇ ಅಂದುಕೊಂಡು ಮೋಸ ಹೋಗಬೇಡಿ. ಬಲೆ ಹುಲ್ಲಿನ ತುದಿಯ ಮೇಲೆ ಹಾಸಿದ ಹಾಗೆ ಚಪ್ಪಟೆಯಾಗಿರುತ್ತದೆ. ಬೂಷ್ಟು ಎಲೆಗಳ ಸಂದಿಯೊಳಗೆ ಇಳಿದಿರುತ್ತದೆ.

ಕಲೆಯ ಅಂಚಿನಲ್ಲಿ ಇಪ್ಪತ್ತು ಎಲೆ ಕಿತ್ತು ಭೂತಗನ್ನಡಿಯಲ್ಲಿ ನೋಡಿದೆ. ಡಾಲರ್ ಸ್ಪಾಟ್ ಆಗಿದ್ದರೆ ಎಲೆಯ ನಡುವೆ ಡಮರುಗದ ಆಕಾರದ ಬಿಳಿಚಿದ ಗಾಯ, ಅದಕ್ಕೆ ಕೆಂಪು ಕಂದು ಅಂಚು ಇರಬೇಕು. ಇರಲಿಲ್ಲ. ಪೋವಾ ಹುಲ್ಲಿನ ಬುಡ ಬಿಡಿಸಿ ನೋಡಿದೆ. ಆಂಥ್ರಾಕ್ನೋಸ್ ಅನ್ನುವ ರೋಗ ಇದ್ದರೆ ಬುಡದಲ್ಲಿ ಕಣ್ಣಿನ ರೆಪ್ಪೆಯಂಥ ಸಣ್ಣ ಕಪ್ಪು ಮುಳ್ಳುಗಳು ಕಾಣುತ್ತವೆ. ಅವೂ ಇಲ್ಲ. ಎಲೆಗಳೆಲ್ಲ ತುದಿಯಿಂದ ಸುರುಳಿ ಸುತ್ತಿಕೊಂಡು ಒಣಗಿದ್ದವು, ಒಂದೇ ಒಂದು ಗಾಯ ಇಲ್ಲದೆ. ಫಂಗಿಸೈಡ್ ಟ್ಯಾಂಕ್ ಅಲ್ಲಿಗೆ ಮನೆಗೆ ಹೋಯಿತು ಅಂತಲೇ ಲೆಕ್ಕ.

ಹುಳದ ಅನುಮಾನಕ್ಕೆ ಎರಡು ಪರೀಕ್ಷೆ. ರಾತ್ರಿ ಹೊತ್ತು ಹುಲ್ಲು ಕಡಿಯುವ ಮರಿಹುಳುಗಳಿಗೆ ಒಂದು ಬಕೆಟ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪು ಬೆರೆಸಿ ಒಂದು ಚದರ ಗಜ ಜಾಗಕ್ಕೆ ಸುರಿಯಿರಿ. ಇದ್ದರೆ ಐದು ನಿಮಿಷದೊಳಗೆ ಮೈ ಉರಿ ತಾಳದೆ ಮೇಲೆ ಬರುತ್ತವೆ. ಬಿಸಿಲಲ್ಲಿ ಇದನ್ನು ಮಾಡಬೇಡಿ, ಸೋಪಿನಿಂದಲೇ ಹುಲ್ಲು ಸುಡುತ್ತದೆ. ಇನ್ನೊಂದು ಗೊಣ್ಣೆ ಹುಳು. ಕಬ್ಬು, ಅಡಿಕೆ ಬೆಳೆದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲಿನದು ಬೇರೆ ಜಾತಿ, ಕೆಲಸ ಅದೇ, ಬೇರು ತಿನ್ನುವುದು. ಗೊಣ್ಣೆ ಇದ್ದರೆ ಹುಲ್ಲು ಹಿಡಿದು ಎಳೆದಾಗ ರತ್ನಗಂಬಳಿಯ ಹಾಗೆ ಸುರುಳಿಯಾಗಿ ಮೇಲೆ ಬರುತ್ತದೆ. ನಮ್ಮದು ಬರಲಿಲ್ಲ.

ಮಣ್ಣು ತೆಗೆದು ನೋಡುವುದು

ಗಾಲ್ಫ್ ಕೋರ್ಸಿನಲ್ಲಿ ಇದಕ್ಕೆ ಬೇರೆ ಉಪಕರಣ ಬೇಡ. ದಿನಾ ಬೆಳಿಗ್ಗೆ ಹೊಸ ಗುಳಿ ಕೊರೆಯುವ ಕಪ್ ಕಟರ್ ಸಾಕು. ನಾಲ್ಕೂಕಾಲು ಇಂಚು ಅಗಲದ ಮಣ್ಣಿನ ಉರುಳೆ ಸಲೀಸಾಗಿ ಹೊರಗೆ ಬರುತ್ತದೆ. ಅದನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ. ಒಂದು ಕೆಟ್ಟ ಜಾಗದ್ದು, ಒಂದು ಮೂರು ಹೆಜ್ಜೆ ಆಚೆಯ ಒಳ್ಳೆಯ ಜಾಗದ್ದು, ಎರಡೂ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ.

ನಮ್ಮ ಗ್ರೀನ್‌ಗಳು ಸುಮಾರು ನೂರು ವರ್ಷ ಹಳೆಯವು. ಕೊಲಂಬಸ್‌ನಲ್ಲಿ ಗಾಲ್ಫ್ ಕೋರ್ಸ್ ವಿನ್ಯಾಸಕ ಡೊನಾಲ್ಡ್ ರಾಸ್ ಸೈಯೋಟೊ ಕಂಟ್ರಿ ಕ್ಲಬ್ಬಿನ ಕೋರ್ಸ್ ಕಟ್ಟಿದ್ದು 1916ರಲ್ಲಿ. ಹತ್ತು ವರ್ಷ ಕಳೆದು 1926ರ ಯುಎಸ್ ಓಪನ್ ಅಲ್ಲೇ ನಡೆದು ಬಾಬಿ ಜೋನ್ಸ್ ಗೆದ್ದರು. ಆಮೇಲೆ ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಸ್ ಹುಡುಗನಾಗಿ ಆಟ ಕಲಿತದ್ದೂ ಅಲ್ಲಿಯೇ. ನಮ್ಮದು ಅಷ್ಟು ಹೆಸರಿನ ಕ್ಲಬ್ ಅಲ್ಲ, ಆದರೆ ಕಟ್ಟಿದ ಕಾಲ ಅದೇ, ರೀತಿ ಅದೇ. ಅಲ್ಲೇ ಇದ್ದ ಮಣ್ಣನ್ನು ಕುದುರೆ ಕಟ್ಟಿ ಒಟ್ಟುಗೂಡಿಸಿ, ದಿಬ್ಬ ಮಾಡಿ, ಮೇಲೆ ಹುಲ್ಲು ಹಾಕಿದ್ದು. ಹಾಗಾಗಿ ಉರುಳೆ ಸೀಳಿದರೆ ಒಂದು ಚರಿತ್ರೆಯೇ ಕಾಣುತ್ತದೆ. ಕೆಳಗೆ ಒಹಾಯೋದ ಜೇಡಿಮಣ್ಣು. ಅದರ ಮೇಲೆ ದಶಕಗಳಿಂದ ಉದುರಿಸಿಕೊಂಡು ಬಂದ ಮರಳು, ನಡುನಡುವೆ ಕಪ್ಪು ಗೆರೆಗಳು. ಯಾವುದೋ ವರ್ಷ ಮರಳು ಹಾಕದೆ ಬಿಟ್ಟಾಗ ಸತ್ತ ಬೇರು, ಕಾಂಡ ಸೇರಿ ಕಟ್ಟಿದ ಪದರ ಅದು.

ಒಳ್ಳೆಯ ಜಾಗದ ಉರುಳೆ ಕೈಗೆ ತಂಪಾಗಿತ್ತು, ಹಿಚುಕಿದರೆ ಉಂಡೆಯಾಗುತ್ತಿತ್ತು. ಬೇರು ಮೂರು ಇಂಚು. ಕೆಟ್ಟ ಜಾಗದ್ದು ಕಟರ್‌ನಿಂದ ಬರುವಾಗಲೇ ಪುಡಿಪುಡಿ. ಮೇಲಿನ ಕಾಲು ಇಂಚು ಒದ್ದೆ. ಅದರ ಕೆಳಗೆ ಒಂದೂವರೆ ಇಂಚು ರವೆಯ ಹಾಗೆ ಒಣ, ಬಿಳಿಚಿದ ಬೂದು ಬಣ್ಣ. ಹಿಂದಿನ ದಿನವಷ್ಟೇ ಅಲ್ಲಿಗೆ ಇಪ್ಪತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟಿದ್ದರು!

ತೇವ ಅಳೆಯುವ ಮೀಟರ್ ತಂದು ಮೂರು ಇಂಚಿನ ಸೂಜಿ ಚುಚ್ಚಿ, ಎರಡೆರಡು ಹೆಜ್ಜೆಗೆ ಒಂದರಂತೆ ಇಡೀ ಮೂಲೆ ಅಳೆದೆವು. ಹಸಿರಿರುವ ಕಡೆ 24ರಿಂದ 28 ಶೇಕಡಾ. ಅರ್ಧಚಂದ್ರದ ಒಳಗೆ 9, 11, 8. ಇದೇ ಅಂಕಿ ನಿಮ್ಮ ಗ್ರೀನ್‌ಗೂ ಹೊಂದಬೇಕು ಅಂತೇನಿಲ್ಲ. ಮರಳಿನ ಗ್ರೀನ್ 18ರಲ್ಲಿ ಚೆನ್ನಾಗಿರಬಹುದು, ಜೇಡಿಮಣ್ಣಿನದು ಅಷ್ಟರಲ್ಲೇ ಬಾಡಬಹುದು. ನೋಡಬೇಕಾದ್ದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಅಂತರ.

ಇನ್ನು ಹನಿ ಪರೀಕ್ಷೆ. ಸೀಳಿದ ಉರುಳೆಯನ್ನು ಮಲಗಿಸಿ, ಮೇಲಿಂದ ಕೆಳಕ್ಕೆ ಅರ್ಧ ಅರ್ಧ ಇಂಚಿಗೆ ಒಂದೊಂದು ಹನಿ ನೀರು ಬಿಡುವುದು. ಐದು ಸೆಕೆಂಡಿನಲ್ಲಿ ಹೀರಿಕೊಂಡರೆ ಸರಿ. ನಮ್ಮದರಲ್ಲಿ ಮೊದಲ ಮೂರು ಹನಿ ಕೆಸುವಿನೆಲೆ ಮೇಲೆ ಕೂತ ಹಾಗೆ ಗುಂಡಗೆ ಕೂತವು. ಗಡಿಯಾರ ನೋಡಿದೆ. ಒಂದು ನಿಮಿಷ ಕಳೆಯಿತು, ಇನ್ನೂ ಕೂತಿದ್ದವು. ನಾಲ್ಕನೇ ಹನಿ ಮಾತ್ರ ಸರಕ್ಕನೆ ಇಳಿಯಿತು. (ಉರುಳೆ ಒದ್ದೆ ಇದ್ದರೆ ಎರಡು ಮೂರು ದಿನ ಶೆಡ್ಡಿನಲ್ಲಿ ಆರಿಸಿಯೇ ಈ ಪರೀಕ್ಷೆ ಮಾಡಬೇಕು. ನಮ್ಮದು ಆಗಲೇ ಒಣಗಿತ್ತು.)

ಅಂದರೆ ಮರಳು ನೀರನ್ನು ಒಲ್ಲೆ ಅನ್ನುತ್ತಿದೆ. ಕೊಳೆತ ಬೇರಿನಿಂದ ಬರುವ ಮೇಣದಂಥ ವಸ್ತು ಮರಳಿನ ಕಣಗಳಿಗೆ ಮೆತ್ತಿಕೊಳ್ಳುತ್ತದೆ. ಒದ್ದೆ ಇರುವಷ್ಟು ದಿನ ತೊಂದರೆ ಕಾಣುವುದಿಲ್ಲ. ಒಂದು ಸಲ ಪೂರ್ತಿ ಒಣಗಿತೋ, ಆಮೇಲೆ ನೀರು ಹಾಕಿದರೆ ಮೇಲೆಯೇ ಜಾರಿ ಪಕ್ಕಕ್ಕೆ ಹೋಗುತ್ತದೆ. ಹುಡುಗರು ಹಾಕಿದ ನೀರೆಲ್ಲ ಇಳಿಜಾರಿನಲ್ಲಿದ್ದ ಬಂಕರ್, ಅಂದರೆ ಮರಳು ತುಂಬಿದ ಗುಂಡಿ ಸೇರಿತ್ತು. ಬಂಕರ್‌ನ ಮರಳು ಯಾವಾಗಲೂ ಒದ್ದೆ ಅಂತ ಒಬ್ಬ ಸದಸ್ಯರು ವಾರದಿಂದ ಗೊಣಗುತ್ತಿದ್ದರು. ಅದೂ ಇದೇ ಕಥೆಯ ಇನ್ನೊಂದು ತುದಿ ಅಂತ ಆಗ ಹೊಳೆಯಿತು.

ಹಾಗಾದರೆ ಅಲ್ಲೇ ಯಾಕೆ?

ಮುಕ್ಕಾಲು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಮಣ್ಣು ನೀರು ಹೀರುತ್ತಿಲ್ಲ, ವೆಟಿಂಗ್ ಏಜೆಂಟ್ (ಮಣ್ಣು ನೀರು ಹೀರುವಂತೆ ಮಾಡುವ ದ್ರಾವಣ) ಹಾಕು, ಮುಗಿಯಿತು ಅಂತ. ಆದರೆ ಅದೇ ಮರಳು ಇಡೀ ಗ್ರೀನ್‌ನಲ್ಲಿದೆ, ಅದೇ ಕಪ್ಪು ಪದರವೂ ಇದೆ. ಆ ಮೂಲೆ ಮಾತ್ರ ಯಾಕೆ ಮೊದಲು ಒಣಗಿತು? ಈಗ ಆ ಸ್ಪ್ರಿಂಕ್ಲರ್ ಹತ್ತಿರ ಹೋದೆ.

ಕೈಯಿಂದಲೇ ಆನ್ ಮಾಡಿದೆ. ತಲೆ ಎದ್ದಿತು, ಅರವತ್ತು ಅಡಿ ದೂರಕ್ಕೆ ನೀರು ಚಿಮ್ಮಿತು, ಮೂರು ನಿಮಿಷದಲ್ಲಿ ಒಂದು ಸುತ್ತು. ವಾಲಿಲ್ಲ, ಅಡ್ಡಕ್ಕೆ ಸೋರುತ್ತಿಲ್ಲ. ದೂರದಿಂದ ನೋಡಿದರೆ ಚಿನ್ನದಂಥ ಸ್ಪ್ರಿಂಕ್ಲರ್. ಇಷ್ಟು ದಿನ ಎಲ್ಲರೂ ನೋಡಿದ್ದು ಹಾಗೆಯೇ, ನಾನೂ ಸೇರಿ.

ಪೇಪರ್ ಲೋಟ ತಂದೆವು. ಕ್ಯಾಂಟೀನಿನವರು ಕೊಟ್ಟ ಕಾಫಿ ಲೋಟ, ಹದಿನಾರು. ಸ್ಪ್ರಿಂಕ್ಲರ್‌ನಿಂದ ಗ್ರೀನ್ ಒಳಕ್ಕೆ ಮೂರು ಸಾಲಿನಲ್ಲಿ ಇಟ್ಟು, ಗಾಳಿ ಇಲ್ಲದ ಹೊತ್ತು ನೋಡಿ ಹದಿನೈದು ನಿಮಿಷ ನೀರು ಬಿಟ್ಟೆವು. ದೂರದ ಲೋಟಗಳಲ್ಲಿ ಎರಡು ಬೆರಳು ನೀರು. ಹತ್ತಿರದ ಲೋಟಗಳಲ್ಲಿ ತಳ ಮಾತ್ರ ಒದ್ದೆ. ಹತ್ತಿರದ ಆ ಖಾಲಿ ಲೋಟಗಳು ಸರಿಯಾಗಿ ಅರ್ಧಚಂದ್ರದ ಒಳಗೇ ಇದ್ದವು.

ಗಾಲ್ಫ್ ಸ್ಪ್ರಿಂಕ್ಲರ್‌ನಲ್ಲಿ ಇರುವುದು ಒಂದೇ ನಾಝಲ್ ಅಲ್ಲ. ದೊಡ್ಡದು ದೂರಕ್ಕೆ ಎಸೆಯುತ್ತದೆ. ಅದರ ಪಕ್ಕದಲ್ಲಿ, ಇಲ್ಲವೇ ಹಿಂಬದಿಯಲ್ಲಿ, ಸಣ್ಣ ನಾಝಲ್‌ಗಳಿರುತ್ತವೆ. ಕಾಲ ಬುಡದ ಇಪ್ಪತ್ತು ಮೂವತ್ತು ಅಡಿ ನೆನೆಸುವುದು ಅವುಗಳ ಕೆಲಸ. ದೊಡ್ಡ ನಾಝಲ್ ಕಟ್ಟಿಕೊಂಡರೆ ಕುರುಡನಿಗೂ ಗೊತ್ತಾಗುತ್ತದೆ. ಸಣ್ಣದು ಕಟ್ಟಿಕೊಂಡರೆ ಅಬ್ಬರದ ದೊಡ್ಡ ಧಾರೆಯ ಮುಂದೆ ಅದು ಯಾರ ಗಮನಕ್ಕೂ ಬರುವುದಿಲ್ಲ. ನೀರು ನಿಲ್ಲಿಸಿ, ತಲೆಯನ್ನು ಮೇಲಕ್ಕೆಳೆದು ಹಿಡಿದು, ಸಣ್ಣ ನಾಝಲ್ ಬಿಚ್ಚಿದೆ. ಬಾಯಿಗೆ ಅಡ್ಡ, ಅಳತೆ ತೆಗೆದು ಕೂರಿಸಿದ ಹಾಗೆ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ಪು. ಮೇಲೆ ಕಂದು ಬಿಳಿ ಪಟ್ಟೆ.

ಝೀಬ್ರಾ ಮಸಲ್. ಯುರೋಪಿನ ಪೂರ್ವ ಭಾಗದಿಂದ ಹಡಗುಗಳ ಹೊಟ್ಟೆಯ ನೀರಿನಲ್ಲಿ ಬಂದ ಚಿಪ್ಪುಜೀವಿ. ಈ ಕಡೆ ಅದು ಮೊದಲು ಸಿಕ್ಕಿದ್ದು 1988ರಲ್ಲಿ, ಲೇಕ್ ಸೇಂಟ್ ಕ್ಲೇರ್‌ನಲ್ಲಿ. ಅಲ್ಲಿಂದ ಗ್ರೇಟ್ ಲೇಕ್ಸ್, ನದಿ, ಕೆರೆ ಎಲ್ಲ ಕಡೆ ಹಬ್ಬಿತು. ನಮ್ಮ ನೀರು ನದಿಯಿಂದ ಹೊಂಡಕ್ಕೆ, ಹೊಂಡದಿಂದ ಪಂಪಿಗೆ ಬರುತ್ತದೆ. ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಫಿಲ್ಟರ್ ಜಾಲರಿಯಲ್ಲಿ ಸಲೀಸಾಗಿ ನುಸುಳುತ್ತವೆ. ಪೈಪಿನೊಳಗೆ ಅಂಟಿಕೊಂಡು ಬೆಳೆಯುತ್ತವೆ, ಸಾಯುತ್ತವೆ, ಚಿಪ್ಪು ಕಳಚಿ ನೀರಿನ ಜೊತೆ ಹೊರಡುತ್ತದೆ. ಸ್ಪ್ರಿಂಕ್ಲರ್ ಬುಡದ ಜಾಲರಿ ತೆಗೆದು ನೋಡಿದರೆ ಅಲ್ಲೂ ಚಿಪ್ಪಿನ ಚೂರು.

ಒಟ್ಟು ಕಥೆ ಇಷ್ಟು: ಸಣ್ಣ ನಾಝಲ್ ಕಟ್ಟಿಕೊಂಡು ಆ ಮೂಲೆಗೆ ವಾರಗಟ್ಟಲೆ ನೀರು ಕಡಿಮೆ ಬಿತ್ತು. ಜೂನ್‌ನಲ್ಲಿ ಮಳೆ ಇದ್ದಿದ್ದರಿಂದ ಗೊತ್ತಾಗಲಿಲ್ಲ. ಜುಲೈ ಬಿಸಿಲಿಗೆ ಮರಳು ಒಣಗಿ ನೀರು ಒಲ್ಲೆ ಅಂದಿತು. ಆಮೇಲೆ ಪೈಪಿನಲ್ಲಿ ಎಷ್ಟು ಹಾಕಿದರೂ ದಕ್ಕಲಿಲ್ಲ. ನಾಝಲ್ ಮಾತ್ರ ಸರಿ ಮಾಡಿದ್ದರೆ ಹುಲ್ಲು ಏಳುತ್ತಿರಲಿಲ್ಲ. ವೆಟಿಂಗ್ ಏಜೆಂಟ್ ಮಾತ್ರ ಹಾಕಿದ್ದರೆ ಆಗಸ್ಟಿನಲ್ಲಿ ಮತ್ತೆ ಬರುತ್ತಿತ್ತು.

ಸ್ಪ್ರಿಂಕ್ಲರ್ ಏಳುವುದೇ ಇಲ್ಲ ಅಂದರೆ

ಇದು ನಮ್ಮ ಕೇಸ್ ಅಲ್ಲ, ಆದರೆ ಜಾಸ್ತಿ ಜನಕ್ಕೆ ಆಗುವುದು ಇದೇ, ಅದಕ್ಕೇ ಬೇಗ ಹೇಳಿಬಿಡುತ್ತೇನೆ. ಮೊದಲು ತಲೆಯ ಮೇಲಿನ ಸ್ವಿಚ್ಚನ್ನು ಕೈಯಿಂದ ಆನ್ ಮಾಡಿ. ನೀರು ಬಂದರೆ ಪೈಪು, ವಾಲ್ವ್ ಸರಿ ಇದೆ, ದೋಷ ಕರೆಂಟಿನದು. ಬರದಿದ್ದರೆ ನೀರಿನದು. ಯಾರೋ ಗೇಟ್ ವಾಲ್ವ್ ಮುಚ್ಚಿ ಮರೆತಿರುತ್ತಾರೆ, ಅದನ್ನೇ ಮೊದಲು ನೋಡಿ. ಕರೆಂಟಿನದಾದರೆ ಸೊಲೆನಾಯ್ಡ್‌ನ (ಕರೆಂಟ್ ಬಂದಾಗ ವಾಲ್ವ್ ತೆರೆಯುವ ತಂತಿ ಸುರುಳಿ) ಎರಡು ವೈರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. 24 ವೋಲ್ಟ್ ಎಸಿ ಸೊಲೆನಾಯ್ಡ್ ಸಾಮಾನ್ಯವಾಗಿ 20ರಿಂದ 60 ಓಮ್ ತೋರಿಸಬೇಕು. ಸೊನ್ನೆ ಹತ್ತಿರ ಇದ್ದರೆ ಶಾರ್ಟ್. ಮೀಟರ್ ಅಲುಗದಿದ್ದರೆ ಒಳಗೆ ತಂತಿ ಕಡಿದಿದೆ. ಓಮ್ ಸರಿ ಇದ್ದು ವೋಲ್ಟ್ ಬರದಿದ್ದರೆ ಕಂಟ್ರೋಲರ್ ಕಡೆಗೆ ನಡೆಯಿರಿ. ದಾರಿಯಲ್ಲಿ ಹೊಸದಾಗಿ ಅಗೆದ ಜಾಗ ಕಂಡರೆ ಅಲ್ಲೇ ನಿಲ್ಲಿ. ಎರಡು ವೈರಿನ ಡಿಕೋಡರ್ ವ್ಯವಸ್ಥೆಯಾದರೆ ಲೆಕ್ಕ ಬೇರೆ. ಅದಕ್ಕೆ ತಯಾರಕರ ಕೈಪಿಡಿಯೇ ಬೇಕು.

ಮಾಡಿದ ರಿಪೇರಿ

ಸಣ್ಣ ನಾಝಲ್ ಹೊಸದು ಹಾಕಿದೆವು. ಅದೇ ಲೈನಿನ ಉಳಿದ ಸ್ಪ್ರಿಂಕ್ಲರ್‌ಗಳನ್ನು ಬಿಚ್ಚಿ ನೋಡಿದಾಗ ಇನ್ನೆರಡರಲ್ಲಿ ಚಿಪ್ಪು ಸಿಕ್ಕಿತು. ಒಣ ಜಾಗಕ್ಕೆ ಮೊದಲು ಪೆನ್ಸಿಲ್‌ಗಿಂತ ಸಪುರದ ಗಟ್ಟಿ ಮೊಳೆಗಳಿಂದ ತೂತು ಹೊಡೆದೆವು. ಮಣ್ಣು ಹೊರಗೆ ತೆಗೆಯುವ ದೊಡ್ಡ ಏರೇಶನ್ ಈ ಬಿಸಿಲಲ್ಲಿ ಮಾಡಿದರೆ ಇದ್ದ ಹುಲ್ಲೂ ಹೋಗುತ್ತದೆ. ಪೈಪಿನ ಬಾಯಿಗೆ ವೆಟಿಂಗ್ ಏಜೆಂಟ್ ಬಿಲ್ಲೆ ಹಾಕಿ, ಐದು ನಿಮಿಷ ನೀರು, ಇಪ್ಪತ್ತು ನಿಮಿಷ ಬಿಡುವು, ಮತ್ತೆ ಐದು ನಿಮಿಷ. ಹೀಗೆ ನಾಲ್ಕು ಸುತ್ತು. ಒಂದೇ ಸಲ ಸುರಿದರೆ ಮತ್ತೆ ಬಂಕರ್ ಪಾಲು. ಸಂಜೆಗೆ ಮೀಟರ್ 17 ತೋರಿಸಿತು, ಮರುದಿನ 22.

ಮಧ್ಯಾಹ್ನ ಹೊತ್ತು ಎಲೆಯ ಮೇಲೆ ಸುಮ್ನೆ ಒಂದು ನಿಮಿಷ ನೀರು ಸಿಂಪಡಿಸುವುದನ್ನು ಮುಂದುವರಿಸಿದೆವು. ಅದು ಕುಡಿಸಲಿಕ್ಕಲ್ಲ, ಮೈ ತಣಿಸಲಿಕ್ಕೆ. ಆ ಗ್ರೀನ್‌ನಲ್ಲಿ ಕತ್ತರಿಸುವ ಎತ್ತರ ಸ್ವಲ್ಪ ಏರಿಸಿ, ಎರಡು ದಿನ ಕತ್ತರಿಸದೆ ರೋಲರ್ ಮಾತ್ರ ಓಡಿಸಿದೆವು. ಟೂರ್ನಿಯ ಮೂರೂ ದಿನ ಗುಳಿಯನ್ನು ಮುಂದಿನ ಬಲಕ್ಕೆ ಇಟ್ಟೆವು, ಯಾರೂ ಆ ಮೂಲೆ ತುಳಿಯದ ಹಾಗೆ. ಪೂರ್ತಿ ಸತ್ತಿದ್ದ ಎರಡು ಚಾಪೆಯಷ್ಟು ಜಾಗ ಮಾತ್ರ ಏಳಲಿಲ್ಲ. ಅದಕ್ಕೆ ಆಗಸ್ಟ್ ಕೊನೆಯಲ್ಲಿ ಬೆಂಟ್ ಬೀಜ ಹಾಕಿದೆವು.

ಇದೇ ಮುಖ, ಉಲ್ಟಾ ಕಾರಣ

14ನೇ ಗ್ರೀನ್ ಕಥೆ ಹೇಳದಿದ್ದರೆ ಮೇಲಿನದೆಲ್ಲ ನಿಮ್ಮನ್ನು ದಾರಿ ತಪ್ಪಿಸೀತು. ಅದು ಹೊಸದಾಗಿ ಕಟ್ಟಿದ್ದು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಮೊದಲು ಪ್ರಕಟಿಸಿದ ಲೆಕ್ಕದಂತೆ ಕೆಳಗೆ ಪೈಪು, ಅದರ ಮೇಲೆ 4 ಇಂಚು ಜಲ್ಲಿ, ಅದರ ಮೇಲೆ 12 ಇಂಚು ಮರಳಿನ ಮಿಶ್ರಣ. ಹಿಂದಿನ ಬೇಸಿಗೆಯಲ್ಲಿ ಅದೂ ಮಧ್ಯಾಹ್ನ ಬಾಡುತ್ತಿತ್ತು. ಅದೇ ಬೂದಿ ಬಣ್ಣ, ಅದೇ ಹೆಜ್ಜೆ ಗುರುತು. ನೀರು ಹಾಕಿದೆವು. ಎರಡೇ ದಿನದಲ್ಲಿ ಇನ್ನೂ ಕೆಟ್ಟಿತು.

ಉರುಳೆ ತೆಗೆದಾಗ ಮೂಗು ಮುಚ್ಚಿಕೊಳ್ಳಬೇಕಾಯಿತು. ಕೊಳೆತ ಮೊಟ್ಟೆಯ ವಾಸನೆ. ಮೂರು ಇಂಚು ಕೆಳಗೆ ಇದ್ದಿಲಿನಂಥ ಕಪ್ಪು ಪದರ. ಮೀಟರ್‌ನಲ್ಲಿ 40ರ ಹತ್ತಿರ. ಬೇರು ಉಸಿರಾಡಲು ಗಾಳಿ ಇಲ್ಲ, ಉಸಿರಾಡದ ಬೇರು ನೀರು ಕುಡಿಯುವುದಿಲ್ಲ. ಸುತ್ತ ನೀರು ತುಂಬಿದ್ದರೂ ಎಲೆಗೆ ಬಾಯಾರಿಕೆ. ಗಾಳಿಯಿಲ್ಲದ ಮಣ್ಣಿನಲ್ಲಿ ಆಮ್ಲಜನಕದ ಬದಲು ಗಂಧಕದ ಲವಣ ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಆ ವಾಸನೆ, ಆ ಕಪ್ಪು ಎರಡನ್ನೂ ಮಾಡುತ್ತವೆ. ಕಾರಣ ಹುಡುಕಿದರೆ ಗ್ರೀನ್ ಕೆಳಗಿನ ಚರಂಡಿ ಪೈಪಿನ ಬಾಯಿ, ಅದು ಹೊರಗೆ ಬೀಳುವ ಹಳ್ಳದ ಅಂಚಿನಲ್ಲಿ, ಮಣ್ಣು ಕುಸಿದು ಮುಚ್ಚಿಹೋಗಿತ್ತು. ಗುದ್ದಲಿಯಲ್ಲಿ ಬಿಡಿಸಿದ ಮೇಲೆ ಗಂಟೆಗಟ್ಟಲೆ ಕಪ್ಪು ನೀರು ಹರಿಯಿತು.

ಎರಡೂ ಗ್ರೀನ್‌ಗಳ ಫೋಟೋ ಪಕ್ಕಪಕ್ಕ ಇಟ್ಟರೆ ನನಗೇ ಗುರುತು ಸಿಗುವುದಿಲ್ಲ. ಒಂದಕ್ಕೆ ಮದ್ದಾದ ನೀರು ಇನ್ನೊಂದಕ್ಕೆ ವಿಷ. ಚಾಕು, ಮೂಗು, ಮೀಟರ್, ಈ ಮೂರು ಐದು ನಿಮಿಷದಲ್ಲಿ ಬೇರ್ಪಡಿಸುತ್ತವೆ.

ಗೊತ್ತಾಗದಿದ್ದರೆ ಲ್ಯಾಬಿಗೆ

ಇಲ್ಲಿನ ದೊಡ್ಡ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಹುಲ್ಲಿನ ರೋಗ ನೋಡುವ ಲ್ಯಾಬ್ ಇರುತ್ತದೆ. ಕಳಿಸುವಾಗ ಸತ್ತ ಜಾಗದ ನಟ್ಟನಡುವಿನಿಂದ ತೆಗೆಯಬೇಡಿ, ಹೆಣ ಏನೂ ಹೇಳುವುದಿಲ್ಲ. ಅರ್ಧ ಕೆಟ್ಟ, ಅರ್ಧ ಒಳ್ಳೆಯ ಅಂಚಿನಿಂದ ಕಪ್ ಕಟರ್‌ನಲ್ಲಿ ತೆಗೆಯಿರಿ. ಔಷಧಿ ಹೊಡೆಯುವ ಮೊದಲೇ ತೆಗೆಯಿರಿ. ನ್ಯೂಸ್‌ಪೇಪರಿನಲ್ಲಿ ಸುತ್ತಿ ಬಾಕ್ಸಿನಲ್ಲಿಡಿ. ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ದಾರಿಯಲ್ಲೇ ಕೊಳೆತು, ಇಲ್ಲದ ರೋಗವೂ ಬೆಳೆದಿರುತ್ತದೆ. ಸೋಮವಾರವೋ ಮಂಗಳವಾರವೋ ಕಳಿಸಿ. ಶುಕ್ರವಾರ ಕಳಿಸಿದರೆ ಶನಿವಾರ, ಭಾನುವಾರ ಯಾವುದೋ ಬಿಸಿ ಗೋದಾಮಿನಲ್ಲಿ ಬೇಯುತ್ತದೆ.

ಲ್ಯಾಬ್ ಯಾಕೆ ಬೇಕು ಅನ್ನುವುದಕ್ಕೆ ಈ ಕಡೆಯ ಹಳಬರು ಒಂದು ಕಥೆ ಹೇಳುತ್ತಾರೆ. 1980ರ ಆಸುಪಾಸಿನಲ್ಲಿ ಷಿಕಾಗೊ ಸುತ್ತಲಿನ ಕ್ಲಬ್ಬುಗಳಲ್ಲಿ ಟೊರಾಂಟೊ ಸಿ-15 ಅನ್ನುವ ಬೆಂಟ್ ತಳಿಯ ಗ್ರೀನ್‌ಗಳು ಬಾಡಿ ಸಾಯತೊಡಗಿದವು. ಬೀಜದಿಂದಲ್ಲ, ಬಳ್ಳಿ ತುಂಡಿನಿಂದ ಬೆಳೆಸಿದ ತಳಿ, ಹಾಗಾಗಿ ಎಲ್ಲವೂ ಒಂದೇ ಅಚ್ಚು. ಫಂಗಿಸೈಡ್ ಹೊಡೆದರೂ ಕೇಳಲಿಲ್ಲ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನೀರು ಸಾಗುವ ನಾಳಗಳ ತುಂಬ ಬ್ಯಾಕ್ಟೀರಿಯಾ ಕಂಡವು. ಶಿಲೀಂಧ್ರ ಅಲ್ಲವೇ ಅಲ್ಲ. ಅಲ್ಲಿಯೂ ಹುಲ್ಲು ತೋರಿಸಿದ್ದು ಬಾಡುವ ಮುಖವನ್ನೇ.

ನಮ್ಮ 7ನೇ ಗ್ರೀನ್‌ನ ಹೊಸ ಬೀಜ ಸೆಪ್ಟೆಂಬರ್ ಕೊನೆಗೆ ಮುಚ್ಚಿಕೊಂಡಿತು. ಇಲ್ಲಿ ಚಳಿಗೆ ಪೈಪಿನ ನೀರು ಹೆಪ್ಪುಗಟ್ಟಿ ಒಡೆಯಬಾರದು ಅಂತ ನವೆಂಬರ್ ಹೊತ್ತಿಗೆ ದೊಡ್ಡ ಕಂಪ್ರೆಸರ್ ತಂದು ಲೈನ್ ಎಲ್ಲ ಊದಿಸುತ್ತೇವೆ. ಆ ಸಲ ಒಂದೊಂದು ಸ್ಪ್ರಿಂಕ್ಲರ್ ಮುಂದೆಯೂ ಹಳೆಯ ಬೆಡ್‌ಶೀಟ್ ಹಿಡಿದು ನಿಂತೆವು. 11ನೇ ಹೋಲಿನ ಲೈನಿನಿಂದ ಒಂದು ಬೊಗಸೆ ಚಿಪ್ಪು ಬಿತ್ತು. ಆ ಲೈನಿನ ಸಣ್ಣ ನಾಝಲ್‌ಗಳನ್ನು ಏಪ್ರಿಲ್‌ನಲ್ಲಿ ಮೊದಲು ಬಿಚ್ಚಬೇಕು ಅಂತ ಪಂಪ್‌ಹೌಸಿನ ಬಾಗಿಲ ಮೇಲೆ ಬರೆದಿಟ್ಟಿದ್ದೇನೆ.